ಬಂದೂಕಿನ ಬುಡಕ್ಕೆ ಸುಣ್ಣ

ಗಾದಿಲಿಂಗಪ್ಪ ಬಂದೂಕನ್ನು ಭುಜಕ್ಕೇರಿಸಿಕೊಂಡು, ಒಂದು ಕಣ್ಣು ಮುಚ್ಚಿ, ಗಿರ್ರನೆ ಬಾಗಿಲ ಕಡೆ ತಿರುಗಿದ. ನಳಿಗೆಯ ತುದಿ ಗೋಡೆಯ ಕ್ಯಾಲೆಂಡರಿಗೆ ಸಿಕ್ಕಿತು. ಕ್ಯಾಲೆಂಡರು ಮೊಳೆಯ ಸಮೇತ ಕಿತ್ತುಬಂದು ಅಂಗಡಿಯವನ ಚಹಾದ ಲೋಟದ ಮೇಲೆ ಕವುಚಿ ಬಿತ್ತು.

“ಕ್ಯಾಲೆಂಡರ್ ಸತ್ತಿತು,” ಎಂದಳು ಅವನ ಹೆಂಡತಿ ಚೆನ್ನಬಸಮ್ಮ, ವೀಳ್ಯದೆಲೆಯ ಬೆನ್ನಿಗೆ ಸುಣ್ಣ ಸವರುತ್ತ. “ಕಳ್ಳ ಇನ್ನಾ ಅಲ್ಲೇ ನಿಂತಾನ. ಮುಂದಿಂದು ತೋರಸ್ರಿ.”

ಹೊಸಪೇಟೆ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಲಿಂಗರಾಜನ ಬಂದೂಕಿನ ಅಂಗಡಿ. ಒಂದು ಕಡೆ ಬಳೆ ಅಂಗಡಿ, ಇನ್ನೊಂದು ಕಡೆ ಜೆರಾಕ್ಸ್. ನಡುವೆ ಸಿಕ್ಕಿಕೊಂಡ ಈ ಅಂಗಡಿ ಎಷ್ಟು ಇಕ್ಕಟ್ಟೆಂದರೆ, ಒಬ್ಬರು ಗುರಿ ಹಿಡಿದರೆ ಉಳಿದವರೆಲ್ಲ ಕುಕ್ಕರಗಾಲಲ್ಲಿ ಕೂರಬೇಕು. ಬೆಳಗಿನ ಹತ್ತೂವರೆಯಿಂದ ಹೀಗೆ ಎದ್ದು ಕೂತು, ಎದ್ದು ಕೂತು ಸುಮಂಗಲಾಳ ಮಂಡಿ ಹಿಡಿದುಕೊಂಡಿತ್ತು. ಆದರೂ ಅವಳ ಕಣ್ಣು ಗಾದಿಲಿಂಗಪ್ಪನ ಮೇಲಿರಲಿಲ್ಲ. ಲಿಂಗರಾಜನ ಬೆನ್ನ ಹಿಂದಿದ್ದ ಹಸಿರು ಬಣ್ಣದ ಕಬ್ಬಿಣದ ಬೀರುವಿನ ಮೇಲಿತ್ತು.

ಇವತ್ತು ಶನಿವಾರ. ಅವಳಿಗೆ ಸೋಮವಾರದವರೆಗೆ ಮಾತ್ರ ಸಮಯವಿತ್ತು.

ಎರಡು ವರ್ಷದ ಹಿಂದೆ, ಚುನಾವಣೆ ಬಂತೆಂದು ಊರವರು ಠಾಣೆಗೆ ಒಪ್ಪಿಸಿದ್ದ ನಲವತ್ಮೂರು ಬಂದೂಕುಗಳಲ್ಲಿ ಒಂದು, ಕಡ್ಡಿರಾಂಪುರದ ಪಕೀರಪ್ಪನದು, ಹೆಡ್ ಕಾನ್‌ಸ್ಟೇಬಲ್ ಸುಮಂಗಲಾ ಕಾಯುತ್ತಿದ್ದ ಬೀಗದೊಳಗಿಂದಲೇ ಮಾಯವಾಗಿತ್ತು. ಅವಳು ನಿವೃತ್ತಳಾಗಿ ಮೂರು ತಿಂಗಳಾದರೂ ವಿಚಾರಣೆ ನಿವೃತ್ತಿಯಾಗಿರಲಿಲ್ಲ. ಸೋಮವಾರ ಕೊನೆಯ ಹೇಳಿಕೆ. ಅಷ್ಟರೊಳಗೆ ಬಂದೂಕು ಸಿಗದಿದ್ದರೆ, ಕದ್ದವಳು ಇವಳೇ ಎಂದು ಕಾಗದದ ಮೇಲೆ ಬರೆದು ಮುದ್ರೆ ಒತ್ತಿಬಿಡುತ್ತಾರೆ.

ಊರು ಮುದ್ರೆಗೆ ಕಾದಿರಲಿಲ್ಲ. ಅವಳೂರು ಪಾಪಿನಾಯಕನಹಳ್ಳಿಯ ಗಿರಣಿಯಲ್ಲಿ ಯಾರದಾದರೂ ಹಿಟ್ಟು ಒಂದು ಹಿಡಿ ಕಡಿಮೆ ಬಂದರೆ, “ಸುಮಕ್ಕ ಏನಾರ ಬಂದಿದ್ಲೇನು ಈ ಕಡೆ?” ಎಂದು ನಗುವ ಮಟ್ಟಕ್ಕೆ ಮಾತು ಬೆಳೆದಿತ್ತು. ಹತ್ತೊಂಬತ್ತು ವರ್ಷ ಠಾಣೆಯ ಬೀಗ ಕಾಯ್ದೂ ಒಂದು ಗುಂಡುಸೂಜಿಯನ್ನೂ ಮನೆಗೆ ತರದವಳಿಗೆ ಆ ನಗು ಎದೆಯಲ್ಲಿ ಮುಳ್ಳಾಗಿ ಕೂತಿತ್ತು.

ಕದ್ದ ಬಂದೂಕು ಕೊನೆಗೆ ಬರುವುದು ಹಳೆಯ ಬಂದೂಕು ಮಾರುವ ಅಂಗಡಿಗೆ ಎಂಬುದು ಅವಳ ಲೆಕ್ಕಾಚಾರ. ಆದರೆ ಲೈಸೆನ್ಸ್ ಇಲ್ಲದವರಿಗೆ ಲಿಂಗರಾಜ ಬೀರು ತೆರೆಯುವವನಲ್ಲ. ಅವಳು ಎರಡು ಸಲ ಬಂದು ನೀರು ಕುಡಿದು ಹೋಗಿದ್ದಳು. ಅಷ್ಟರಲ್ಲಿ ದೇವರು ಕಳಿಸಿದ ಹಾಗೆ ಕಂಪ್ಲಿಯಿಂದ ದೂರದ ನೆಂಟ ಗಾದಿಲಿಂಗಪ್ಪ ಫೋನು ಮಾಡಿದ್ದ. ಲೈಸೆನ್ಸ್ ಕೈಗೆ ಬಂದಿದೆ, ಮನೆ ಕಾಯಲು ಒಂದು ಬಂದೂಕು ಆರಿಸಬೇಕು, ಎತ್ತು ಕೊಳ್ಳಲು ಹೋಗುವಾಗ ಹಲ್ಲು ನೋಡುವವರನ್ನು ಕರೆದುಕೊಂಡು ಹೋಗುತ್ತೇವಲ್ಲ, ಹಾಗೆ ನೀನೂ ಬಾ ಅಕ್ಕಾ ಎಂದಿದ್ದ.

ಕಾಯುವ ಅಗತ್ಯ ಯಾಕೆ ಬಂತೆಂಬ ವಿಷಯದಲ್ಲಿ ಗಂಡ ಹೆಂಡತಿಗೆ ಒಮ್ಮತವಿರಲಿಲ್ಲ. ಕಾಲುವೆ ದಂಡೆಯ ಅವರ ಮನೆಗೆ ಹೋದ ತಿಂಗಳು ಹಿತ್ತಲಿನಿಂದ ಯಾರೋ ನುಗ್ಗಿದ್ದರು. ಕಳ್ಳ ಎಂದು ಗಾದಿಲಿಂಗಪ್ಪ. ಚಿನ್ನ ಬಿಟ್ಟು, ಟೀವಿ ಬಿಟ್ಟು, ಐದು ಸೇರು ಶೇಂಗಾ ಎಣ್ಣೆ ಕುಡಿದು, ಡಬ್ಬಿಯನ್ನು ನೆಕ್ಕಿ ಇಟ್ಟು ಹೋದವನನ್ನು ತಾನು ಕಳ್ಳ ಅನ್ನಲಾರೆ, ಅದು ಕರಡಿ ಎಂದು ಚೆನ್ನಬಸಮ್ಮ. ಕರಡಿಗೆ ಗುಂಡು ಹೊಡೆದರೆ ಒಳಗೆ ಹೋಗುವವರು ನೀವೇ ಎಂದು ಸುಮಂಗಲಾ ಬಸ್ಸಿನಲ್ಲೇ ಹೇಳಿದ್ದಳು. ಹಾಗಾಗಿ ಸದ್ಯಕ್ಕೆ ಕಳ್ಳನೇ ಎಂದು ಇಬ್ಬರೂ ರಾಜಿಯಾಗಿದ್ದರು.

ಲಿಂಗರಾಜ ಕ್ಯಾಲೆಂಡರಿನ ಚಹಾ ಒರೆಸಿ, ಮುಖದ ಮೇಲಿನ ನಗೆ ಕೆಡದಂತೆ ಮುಂದಿನ ಬಂದೂಕು ಕೊಟ್ಟ. ಇದು ಒಂಟಿ ನಳಿಗೆಯದು, ಮೂರು ಬೆರಳು ಗಿಡ್ಡ.

ಚೆನ್ನಬಸಮ್ಮ ಎಲೆಯನ್ನು ದವಡೆಗೆ ಒತ್ತಿಕೊಂಡು ಚೀಲದಿಂದ ಟೇಪು ತೆಗೆದಳು. ಬ್ಲೌಸ್ ಹೊಲಿಯುವ ಟೇಪು. ಅದರ ಜೊತೆಗೆ ಒಂದು ಮದುವೆ ಕಾಗದ. ಅದರ ಹಿಂದೆ ಮಲಗುವ ಕೋಣೆಯಿಂದ ಹಿತ್ತಲ ಬಾಗಿಲವರೆಗಿನ ಅಳತೆಯೆಲ್ಲ ಇತ್ತು. ಮನೆಯಲ್ಲಿ ಎಂಟು ದಿನ ಅವರು ಒನಕೆ ಹಿಡಿದು ತಾಲೀಮು ಮಾಡಿದ್ದರು. ಮೊದಲ ದಿನ ಗಾದಿಲಿಂಗಪ್ಪ ಹಾಸಿಗೆಯಿಂದ ಎದ್ದು ಒನಕೆ ಎತ್ತಿ ಸೊಳ್ಳೆಪರದೆಯನ್ನು ಮೈಗೆ ಸುತ್ತಿಕೊಂಡು ಮದುಮಗನ ಹಾಗೆ ನಿಂತಿದ್ದ. ಎರಡನೆಯ ದಿನ ಟ್ಯೂಬ್‌ಲೈಟು ಹೋಯಿತು. ಮೂರನೆಯ ದಿನ ಹಿತ್ತಲ ಬಾಗಿಲ ಕಡೆ ಗುರಿ ಹಿಡಿದಾಗ ಚೆನ್ನಬಸಮ್ಮ ಒಂದು ಪ್ರಶ್ನೆ ಕೇಳಿದ್ದಳು: ಗುಂಡು ತಪ್ಪಿದರೆ ಎಲ್ಲಿಗೆ ಹೋಗುತ್ತದೆ? ಬಾಗಿಲ ಪಕ್ಕದ್ದು ಅರ್ಧ ಇಟ್ಟಿಗೆಯ ಗೋಡೆ. ಅದರಾಚೆ ಮಂಚ ಹಾಕಿಕೊಂಡು ಮಲಗುವವಳು ಗಾದಿಲಿಂಗಪ್ಪನ ತಾಯಿ ಬಸಕ್ಕ. ಅವತ್ತೇ ಬಸಕ್ಕ ತನ್ನ ಮಂಚವನ್ನು ತಾನೇ ಎಳೆದುಕೊಂಡು ದೇವರ ಕೋಣೆಗೆ ಸೇರಿದ್ದಳು.

“ಅಕ್ಕ, ಜೋಡಿ ನಳಿಗೀದು ತಗೊಂಡ್ರ ಒಂದು ತಪ್ಪಿದ್ರ ಇನ್ನೊಂದು ಇರ್ತೈತಿ,” ಎಂದ ಗಾದಿಲಿಂಗಪ್ಪ. ಅವನಿಗೆ ಮೀಸೆಯ ಪಕ್ಕದಲ್ಲಿ ಜೋಡಿ ನಳಿಗೆ ಇಟ್ಟುಕೊಂಡು ತೆಗೆಸುವ ಫೋಟೊ ಆಗಲೇ ಕಣ್ಣಿಗೆ ಕಟ್ಟಿತ್ತು.

“ನೀ ಏಳ್ತೀಯೇನು ಮೊದಲು?” ಎಂದಳು ಚೆನ್ನಬಸಮ್ಮ. “ಹೋದ ವರ್ಷ ಪಕ್ಕದ ಮನ್ಯಾಗ ಸಿಲಿಂಡರ್ ಸಿಡೀತು. ನೀ ಮಗ್ಗಲಾ ಬದಲಿಸಿದಿ.”

ಕಳ್ಳ ಬಂದರೆ ಏಳುವವಳು ಚೆನ್ನಬಸಮ್ಮ, ಹಾಗಾಗಿ ಬಂದೂಕು ಅವಳ ಕೈಯಳತೆಗೆ ಇರಬೇಕು ಎಂದು ಸುಮಂಗಲಾ ತೀರ್ಪು ಕೊಟ್ಟಳು. ಲೈಸೆನ್ಸು ಗಂಡನ ಹೆಸರಿನಲ್ಲಿ ಮಾತ್ರ ಇದ್ದರೆ ಸಾಲದು, ಅವಳ ಹೆಸರನ್ನೂ ಸೇರಿಸಬೇಕು, ಅಲ್ಲಿಯವರೆಗೆ ಮನೆಯಲ್ಲಿ ಅವಳು ಅದನ್ನು ಮುಟ್ಟುವಂತಿಲ್ಲ ಎಂದೂ ಹೇಳಿದಳು. ಮನೆಯಲ್ಲಿ ಮಕ್ಕಳೆಷ್ಟು ಎಂದು ಕೇಳಿದಳು. ಎರಡು, ಒಂದಕ್ಕೆ ಏಳು, ಒಂದಕ್ಕೆ ನಾಲ್ಕು.

“ಹಂಗಾರ ಕೇಳ್ರಿಲ್ಲಿ. ಮನಿಗೆ ತರೋ ಬಂದೂಕು ಮೊದಲು ಮಕ್ಕಳ ಕೈಗೆ ಸಿಗಬಾರದು. ಆಮ್ಯಾಲ ಕಳ್ಳನ ಕೈಗೆ ಸಿಗಬಾರದು. ಹೊಡಿಯೋದರ ಮಾತು ಕಡೀಕ. ಬಂದೂಕು ಒಂದು ಬೀಗದಾಗ, ಗುಂಡಿನ ತೋಟಾ ಇನ್ನೊಂದು ಬೀಗದಾಗ.”

“ಕೀಲಿಕೈ ಎಲ್ಲಿಡ್ಲಿ?”

“ನಿನ್ನ ತಾಳಿ ಸರದಾಗ.”

ಚೆನ್ನಬಸಮ್ಮ ಕತ್ತು ಮುಟ್ಟಿ ನೋಡಿಕೊಂಡು, ಅಲ್ಲಿ ಆಗಲೇ ಬೀರುವಿನದು, ಪೆಟ್ಟಿಗೆಯದು, ಮೇವಿನ ಮನೆಯದು ಮೂರು ಕೀಲಿಕೈ ನೇತಾಡುತ್ತಿವೆ, ಇನ್ನೆರಡು ಸೇರಿದರೆ ತಾನು ಬಾಗಿ ಕಸ ಹೊಡೆಯುವಾಗ ಗಂಟೆ ಬಾರಿಸಿದ ಹಾಗಾಗುತ್ತದೆ ಎಂದಳು. ಆದರೂ ಆಗಲಿ ಎಂದಳು. ಅವಳ ಆ ‘ಆಗಲಿ’ ಸುಮಂಗಲಾಗೆ ಹಿಡಿಸಿತು. ಬಂದೂಕು ಬೇಕೆನ್ನುವವರನ್ನು ಅವಳು ಜನ್ಮವಿಡೀ ನೋಡಿದ್ದಳು. ಅದಕ್ಕೆ ಹೆದರುವಷ್ಟು ಬುದ್ಧಿ ಇದ್ದವರು ಕಡಿಮೆ.

ಈಗ ಸಮಯ ಬಂತು ಎಂದುಕೊಂಡಳು. ಹೊಸದಕ್ಕೆಲ್ಲ ಸ್ಪ್ರಿಂಗು ಬಿಗಿ, ಹೆಣ್ಣುಮಕ್ಕಳ ಬೆರಳಿಗೆ ಪಳಗಿದ್ದೇ ಚೆಂದ, ಬಳಸಿದ್ದನ್ನು ತೋರಿಸು ಎಂದು ಲಿಂಗರಾಜನಿಗೆ ಹೇಳಿದಳು, ಸೀರೆ ಅಂಗಡಿಯಲ್ಲಿ ಇನ್ನೊಂದು ಅಂಚು ಕೇಳಿದಷ್ಟು ಹಗುರವಾಗಿ.

ಲಿಂಗರಾಜ ನಗುತ್ತಲೇ ಇದ್ದ. ಹಳೆಯದು ಯಾಕ್ರಿ, ಗ್ಯಾರಂಟಿ ಇರೋದಿಲ್ಲ, ಮುಂದೆ ನನಗೆ ಬೈತೀರಿ ಎಂದ. ಅಲ್ಲಿಗೆ ಅವನು ಮಾಡಿದ ತಪ್ಪು ಒಂದೇ: ಕೊಳ್ಳಲು ಬಂದ ಕಂಪ್ಲಿಯ ಹೆಣ್ಣುಮಗಳಿಗೆ ‘ಅದನ್ನು ನೋಡಬೇಡಿ’ ಎಂದದ್ದು. ಚೆನ್ನಬಸಮ್ಮ ಟೇಪು ಮಡಚಿ ಚೀಲಕ್ಕೆ ಹಾಕಿದಳು. ಬಳ್ಳಾರಿಯಲ್ಲಿ ಇನ್ನೊಂದು ಅಂಗಡಿ ಇದೆಯಂತೆ ಎಂದು ಗಂಡನಿಗೆ ಹೇಳಿದಳು. ಎದ್ದೇ ನಿಂತಳು.

ಬೀರು ತೆರೆಯಿತು.

ಕೆಳಗಿನ ಖಾನೆಯಿಂದ ಮೂರು ಬಂದೂಕು ಬಂದವು. ಮೊದಲನೆಯದರ ಟ್ರಿಗರ್ ಕುದುರೆ ಎಳೆಯಲು ಬೋರ್‌ವೆಲ್ಲಿನ ಹಿಡಿಕೆ ಎಳೆಯುವಷ್ಟು ಬಲ ಬೇಕಾಗಿತ್ತು. ಎರಡನೆಯದರ ನಳಿಗೆಯೊಳಗೆ ಜೇಡ ಸಂಸಾರ ಹೂಡಿತ್ತು. ಸಂಸಾರ ಕೆಡಿಸಬಾರದೆಂದು ಚೆನ್ನಬಸಮ್ಮ ಅದನ್ನು ಬದಿಗಿಟ್ಟಳು. ಮೂರನೆಯದು ಜೋಡಿ ನಳಿಗೆಯದು. ಹೊಸದಾಗಿ ಪಾಲಿಷ್ ಹೊಡೆದ ಕರಿಮರ. ಬುಡಕ್ಕೆ ಕೆಂಪು ರಬ್ಬರಿನ ಗಾದಿ.

ಸುಮಂಗಲಾ ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡಳು. ಕೂಸಿಗೆ ಜ್ವರವಿದೆಯೇ ಎಂದು ನೋಡುವ ಹಾಗೆ ಅಂಗೈಯನ್ನು ಮೆಲ್ಲಗೆ ಆಡಿಸಿದಳು. ಪಕೀರಪ್ಪನದೂ ಇದೇ ತಯಾರಿಕೆ. ಒಂದು ಕಾಲದಲ್ಲಿ ಈ ಸುತ್ತಿನಲ್ಲಿ ನಾಲ್ಕೈದು ಜನ ಒಟ್ಟಿಗೆ ಹೋಗಿ ತಂದ ಬಂದೂಕುಗಳು ಇವು, ಒಂದೇ ಬಾಣಂತಿಯ ಮಕ್ಕಳ ಹಾಗೆ ಇರುತ್ತವೆ. ನಂಬರು ಕೊರೆದ ಜಾಗದಲ್ಲಿ ಬೆರಳು ನಿಂತಿತು. ಸುತ್ತಲಿನ ಕಬ್ಬಿಣ ಹಳೆಯ ತಟ್ಟೆಯ ಹಾಗೆ ತರಚಿತ್ತು; ನಂಬರಿನ ಕೆಳಗೆ ಮಾತ್ರ ಕನ್ನಡಿ. ಉಜ್ಜಿ, ಮತ್ತೆ ಕೊರೆದದ್ದು.

ಮುಖ ಬದಲಾಗದಂತೆ ಅವಳು ಚೆನ್ನಬಸಮ್ಮನಿಗೆ ಮೊಳಕೈ ಮಡಚಲು ಹೇಳಿದಳು. ಬಂದೂಕಿನ ಬುಡವನ್ನು ಮೊಳಕೈಯ ಮಡಿಕೆಗೆ ಇಟ್ಟರೆ ತೋರುಬೆರಳು ಕುದುರೆಗೆ ಸಲೀಸಾಗಿ ಮುಟ್ಟಬೇಕು. ಮುಟ್ಟಲಿಲ್ಲ. ಒಂದು ಬೆರಳಿನಷ್ಟು ದೂರ ಉಳಿಯಿತು.

“ರಬ್ಬರ್ ತೆಗಿ ಲಿಂಗರಾಜ. ಅದರ ದಪ್ಪದಷ್ಟೇ ಹೆಚ್ಚಾಗೈತಿ ನೋಡು.”

ಲಿಂಗರಾಜನ ನಗೆ ಮೊದಲ ಬಾರಿ ಒಂದು ಕಡೆ ಕುಸಿಯಿತು. ರಬ್ಬರು ಇದ್ದರೆ ಹಿಂದೇಟು ಭುಜಕ್ಕೆ ತಾಗುವುದಿಲ್ಲ, ಹೆಣ್ಣುಮಕ್ಕಳಿಗೆ ಅದು ಇರಲೇಬೇಕು, ತೆಗೆದರೆ ಮತ್ತೆ ಕೂರುವುದಿಲ್ಲ ಎಂದೆಲ್ಲ ಹೇಳಿದ. ಸ್ಕ್ರೂ ಡ್ರೈವರು ಮನೆಯಲ್ಲಿದೆ ಎಂದ. ಚೆನ್ನಬಸಮ್ಮ ತನ್ನ ತಾಳಿ ಸರದ ಗೊಂಚಲಿನಿಂದ ಮೇವಿನ ಮನೆಯ ಚಪ್ಪಟೆ ಕೀಲಿಕೈಯನ್ನು ಬಿಚ್ಚಿ ಅವನ ಮುಂದೆ ಇಟ್ಟಳು.

“ಇದು ಮಿಕ್ಸೀನೂ ಬಿಚ್ಚತೈತಿ,” ಎಂದಳು.

ಎರಡು ಸ್ಕ್ರೂ ಬಿಚ್ಚಿ ರಬ್ಬರು ಕಳಚಿತು. ಕೆಳಗೆ ಪಾಲಿಷ್ ಕಾಣದ, ಮಾಸಲು ಬಣ್ಣದ ಬರಿಮರ. ಅದರ ಮೇಲೆ ಏನೂ ಇರಲಿಲ್ಲ. ಲಿಂಗರಾಜ ಇಣುಕಿ ನೋಡಿ ಉಸಿರು ಬಿಟ್ಟ. ಅವನ ನಗೆ ಮತ್ತೆ ಸಮತಟ್ಟಾಯಿತು.

ಸುಮಂಗಲಾ ಮಾತ್ರ ಆ ಬರಿಮರವನ್ನೇ ನೋಡುತ್ತ ಕೂತಳು. ಅಲ್ಲಿ ಏನಿದೆ ಎಂದು ತೋರಿಸಲು ಅವಳಿಗೆ ಒಂದು ಬೆರಳಿನಷ್ಟು ಸುಣ್ಣ ಸಾಕಿತ್ತು. ಆದರೆ ತೋರಿಸಿದ ಮೇಲೆ ತನಗೆ ಹೇಗೆ ಗೊತ್ತು ಎಂದು ಹೇಳಬೇಕಾಗುತ್ತದೆ. ಹೇಳಿದರೆ, ಎರಡು ವರ್ಷದಿಂದ ಇಲಾಖೆಗೆ ಬರೆದುಕೊಟ್ಟ ಮೂರು ಹೇಳಿಕೆಗಳೂ ಸುಳ್ಳಾಗುತ್ತವೆ.

ಆ ಸಲ ಚುನಾವಣೆ ದಸರೆಯ ನಡುವೆ ಬಿದ್ದಿತ್ತು. ಊರಲ್ಲಿ ಕುಡುಗೋಲಿಗೆ, ಟ್ರ್ಯಾಕ್ಟರಿಗೆ, ರುಬ್ಬುವ ಗುಂಡಿಗೆ ಕೂಡ ಪೂಜೆ. ಠಾಣೆಯ ಕೋಣೆಯಲ್ಲಿ ಮಾತ್ರ ನಲವತ್ಮೂರು ಬಂದೂಕು, ಹಬ್ಬಕ್ಕೆ ಊರಿಗೆ ಹೋಗಲಾಗದೆ ಹಾಸ್ಟೆಲಿನಲ್ಲಿ ಉಳಿದ ಮಕ್ಕಳ ಹಾಗೆ, ಸರಪಳಿಯಲ್ಲಿ ಪೋಣಿಸಿಕೊಂಡು ನಿಂತಿದ್ದವು. ಒಪ್ಪಿಸಲು ಬಂದ ಗಂಡಸರು ಒಬ್ಬೊಬ್ಬರೂ ಹೋಗುವಾಗ ಹಿಂದಿರುಗಿ ನೋಡಿದ್ದರು. ಒಬ್ಬ ಮುದುಕನಂತೂ, ಅಮಾವಾಸ್ಯೆಯ ಪೂಜೆ ಬಿಡು, ಆಯುಧ ಪೂಜೆ ದಿನ ಒಂದು ಊದಿನಕಡ್ಡಿ ಹಚ್ಚವ್ವಾ ಎಂದು ಕೈಮುಗಿದಿದ್ದ.

ಸುಮಂಗಲಾ ಸರಪಳಿ ಬಿಚ್ಚಿದಳು. ಬಿಚ್ಚಬಾರದೆಂದು ಅವಳೇ ಗೋಡೆಗೆ ಅಂಟಿಸಿದ್ದ ಸೂಚನೆಯ ಕೆಳಗೇ ಕಂಬಳಿ ಹಾಸಿ, ಎಲ್ಲವನ್ನೂ ಸಾಲಾಗಿ ಮಲಗಿಸಿ, ಒದ್ದೆ ಬಟ್ಟೆಯಲ್ಲಿ ಮೈ ಒರೆಸಿ, ಒಂದೊಂದಕ್ಕೂ ವಿಭೂತಿ, ಅರಿಶಿಣ, ಕುಂಕುಮ, ಒಂದು ಹೂ. ಕೊರಳಿಗೆ ಕಟ್ಟಿದ್ದ ಬಟ್ಟೆ ಚೀಟಿಗಳು ಕುಂಕುಮ ಆಗಬಾರದೆಂದು ಬಿಚ್ಚಿಟ್ಟಿದ್ದಳು. ಆಮೇಲೆ ಅದಲುಬದಲಾದರೆ ಎಂಬ ಭಯಕ್ಕೆ ಬೆಂಕಿಕಡ್ಡಿಯನ್ನು ಅರಿಶಿಣದ ನೀರಿನಲ್ಲಿ ಅದ್ದಿ, ಪ್ರತಿ ಬಂದೂಕಿನ ಬುಡದ ಬರಿಮರದ ಮೇಲೆ ದಾಖಲೆ ಪುಸ್ತಕದಲ್ಲಿದ್ದ ಅದರ ಸಾಲಿನ ಸಂಖ್ಯೆ ಬರೆದಳು, ಶಾಲೆಯಲ್ಲಿ ಕಲಿತ ಕನ್ನಡ ಅಂಕಿಯಲ್ಲಿ. ಸಂಜೆ ಎಲ್ಲ ತೊಳೆದು ಒರೆಸಿ, ಚೀಟಿ ಕಟ್ಟಿ, ಸರಪಳಿ ಹಾಕಿದಳು. ಒರೆಸಿದರೂ ಅರಿಶಿಣ ಮರದಿಂದ ಹೋಗುವುದಿಲ್ಲ ಎಂಬುದು ಅಡುಗೆಮನೆಯಲ್ಲಿ ಬದುಕಿದ ಯಾರಿಗಾದರೂ ಗೊತ್ತು. ಬಿಸಿಲು ತಾಗಿದರೆ ಮಾಸೀತು. ರಬ್ಬರಿನ ಗಾದಿಯ ಕೆಳಗೆ ಯಾವ ಬಿಸಿಲು?

ಮಾರನೆಯ ವಾರ ಪಕೀರಪ್ಪನ ಬಂದೂಕು ಇರಲಿಲ್ಲ. ‘ಒಪ್ಪಿಸಿಕೊಂಡ ದಿನದಿಂದ ಸರಪಳಿ ಬಿಚ್ಚಿಲ್ಲ’ ಎಂದು ಅವಳು ಬರೆದುಕೊಟ್ಟಳು. ಹತ್ತೊಂಬತ್ತು ವರ್ಷದಲ್ಲಿ ಅವಳು ಬರೆದ ಮೊದಲ ಸುಳ್ಳು. ಅದೂ ಪೂಜೆ ಮಾಡಿದ್ದಕ್ಕೆ.

ಓಣಿಯಲ್ಲಿ ಬಸ್ಸೊಂದು ಹಾರನ್ ಹೊಡೆಯಿತು. ಗಾದಿಲಿಂಗಪ್ಪ ಬಂದೂಕನ್ನು ತನ್ನ ಕಡೆ ಎಳೆದುಕೊಳ್ಳಲು ಕೈ ಚಾಚಿದ. ಸುಮಂಗಲಾ ಬಿಡಲಿಲ್ಲ. ಕಳ್ಳಿ ಅನ್ನಿಸಿಕೊಳ್ಳುವುದಕ್ಕಿಂತ ಸುಳ್ಳಿ ಅನ್ನಿಸಿಕೊಳ್ಳುವುದು ವಾಸಿ ಎಂದು ಅವಳಿಗೆ ತೀರ್ಮಾನವಾಗಿತ್ತು.

“ಚೆನ್ನಬಸಮ್ಮ, ನಿನ್ನ ಸುಣ್ಣದ ಡಬ್ಬಿ ಕೊಡು.”

ಬಂದೂಕಿಗೂ ಎಲೆ ಹಾಕಿಸುತ್ತೀಯೇನಕ್ಕಾ ಎಂದು ಕೇಳುತ್ತಲೇ ಚೆನ್ನಬಸಮ್ಮ ಕೊಟ್ಟಳು. ಲಿಂಗರಾಜ ಕೌಂಟರಿನ ಆಚೆಯಿಂದ ಈಚೆಗೆ ಬಂದ. ಅವನು ಬಂದದ್ದು ನೋಡಿ ಗಾದಿಲಿಂಗಪ್ಪನೂ ಎದ್ದು ನಿಂತ. ಯಾಕೆಂದು ಅವನಿಗೆ ಗೊತ್ತಿರಲಿಲ್ಲ, ಜಾಗ ಸಾಲಲಿಲ್ಲ ಅಷ್ಟೆ.

“ಲಿಂಗರಾಜ, ಇದು ಯಾರು ತಂದು ಕೊಟ್ರು?”

“ಸಂಡೂರಿನ ಹೊನ್ನೂರಸ್ವಾಮಿ ಅಂತರೀ. ಕಾಗದ ಎಲ್ಲಾ ಅದಾವು.”

“ಮುಖ ನೆನಪೈತೇನು?”

“ವರ್ಷಕ್ಕ ಐವತ್ತು ಮಂದಿ ಬರ್ತಾರ್ರೀ ಅಕ್ಕಾರ.”

“ಕಾಗದದಾಗಿನ ನಂಬರೂ ಇದರ ನಂಬರೂ ಒಂದೇ ಇರಬೇಕಲ್ಲ. ಇರ್ತೈತಿ ಬಿಡು, ಅದಕ್ಕ ತಾನೇ ಉಜ್ಜಿ ಕೊರದಿದ್ದು.” ಅವಳು ಡಬ್ಬಿಯ ಮುಚ್ಚಳ ತೆಗೆದಳು. “ಇದು ನಮ್ಮ ಠಾಣೆ ಕೋಣ್ಯಾಗ ನಿಂತಿದ್ದ ಬಂದೂಕು. ನಾನು ಸರಪಳಿ ಬಿಚ್ಚಿ ಪೂಜೆ ಮಾಡೀನಿ, ಬುಡಕ್ಕ ಅರಿಶಿಣದಾಗ ನಂಬರ್ ಬರದೀನಿ. ತಪ್ಪು ನಂದು, ಸೋಮವಾರ ಹೇಳ್ತೀನಿ. ನಿಂದು ಯಾವಾಗ ಹೇಳ್ತಿ?”

ಲಿಂಗರಾಜ ಮೂಲೆಯ ತಕ್ಕಡಿಯ ಕಡೆ ಕೈ ತೋರಿಸಿದ. ದಸರೆಗೆ ಯಾರ ಮನೆ ಬಂದೂಕಿಗೆ ಅರಿಶಿಣ ಹಚ್ಚುವುದಿಲ್ಲ, ನನ್ನ ಅಂಗಡಿಯ ತಕ್ಕಡಿಗೂ ಹಚ್ಚಿದ್ದೇನೆ, ಅದೊಂದು ಸಾಕ್ಷಿಯೇ ಎಂದ. ಮಾತು ಸರಿಯಾಗೇ ಇತ್ತು. ದನಿ ಮಾತ್ರ ಸರಿ ಇರಲಿಲ್ಲ.

“ಹಚ್ಚತಾರ. ಮೂವತ್ತೊಂದು ಅಂತ ಬರಿಯಂಗಿಲ್ಲ,” ಎಂದಳು ಸುಮಂಗಲಾ.

ಪಕೀರಪ್ಪನ ಬಂದೂಕು ಸಾಲಿನಲ್ಲಿ ಮೂವತ್ತೊಂದನೆಯದು. ಈ ಎರಡು ವರ್ಷದಲ್ಲಿ ಆ ಅಂಕಿ ಅವಳ ಕನಸಿನಲ್ಲೂ ಬಂದಿತ್ತು.

ಸುಣ್ಣಕ್ಕೆ ಎರಡು ಹನಿ ನೀರು ಬೆರೆಸಿ, ಬೆರಳಿನಿಂದ ಬರಿಮರದ ಮೇಲೆ ತೆಳ್ಳಗೆ ಸವರಿದಳು. ಒಂದು ಕ್ಷಣ ಬರೀ ಬೆಳ್ಳಗೆ. ಸೆರಗಿನ ತುದಿಯಿಂದ ಮೆಲ್ಲಗೆ ಒತ್ತಿದಳು. ಮರದೊಳಗಿಂದ ಬಣ್ಣ ಎದ್ದಿತು, ಮೊದಲು ಕಿತ್ತಳೆ, ಆಮೇಲೆ ಆರತಿ ನೀರಿನ ಕೆಂಪು. ನಾಲ್ಕು ತಲೆ ಒಂದರ ಮೇಲೊಂದು ಬಗ್ಗಿದವು. ಗಾದಿಲಿಂಗಪ್ಪ, ತಾನು ಹಂಪಿಯಲ್ಲಿ ದೊಡ್ಡ ದೊಡ್ಡವರ ಜಾದೂ ನೋಡಿದ್ದೇನೆ, ಇಂಥದ್ದು ನೋಡಿಲ್ಲ ಎಂದ.

ಒಂದು ಗೆರೆ ಸುತ್ತಿಕೊಂಡು ಸುಳಿಯಾಯಿತು. ಸುಳಿಯಿಂದ ಒಂದು ಬಾಲ ಹೊರಟು ಕೆಳಗೆ ಬಾಗಿತು. ಅಲ್ಲಿಗೆ ನಿಂತಿತು.

ಸುಮಂಗಲಾ ಅದರ ಪಕ್ಕದಲ್ಲಿ ಮತ್ತೆ ಸುಣ್ಣ ಸವರಿದಳು. ಎಡಕ್ಕೆ ಸವರಿದಳು, ಬಲಕ್ಕೆ ಸವರಿದಳು. ಡಬ್ಬಿ ಅರ್ಧ ಖಾಲಿಯಾಯಿತು. ಮರ ಬಿಳಿಚಿಕೊಂಡೇ ಉಳಿಯಿತು. ನಡುವೆ ಒಂದೇ ಒಂದು ಅಂಕಿ, ಅವಳದೇ ಕೈಬರಹ, ಬಾಲದ ತುದಿಯಲ್ಲಿ ಅವಳು ಯಾವಾಗಲೂ ಕೊಡುವ ಸಣ್ಣ ಕೊಕ್ಕೆ ಸಮೇತ.

೭.

“ಮೂವತ್ತೊಂದು ಎಲ್ಲೈತ್ರೀ ಅಕ್ಕಾರ?” ಎಂದ ಲಿಂಗರಾಜ. ಅವನ ಮುಖಕ್ಕೆ ರಕ್ತ ಮರಳಿ ಬಂದಿತ್ತು.

ದಾಖಲೆ ಪುಸ್ತಕ ಸುಮಂಗಲಾಗೆ ಬಾಯಿಪಾಠ. ಕಣ್ಣು ಮುಚ್ಚಿದರೆ ಪುಟ ತೆರೆಯುತ್ತಿತ್ತು. ಆರು, ಕಮಲಾಪುರದ ಕಡೆಯವರದು. ಎಂಟು, ಒಬ್ಬ ಮೇಷ್ಟ್ರದು. ನಡುವಿನ ಏಳರ ಮುಂದೆ ಬರೆದ ಹೆಸರನ್ನು ಅವಳು ಓದಬೇಕಾಗಿಯೇ ಇರಲಿಲ್ಲ. ಹೊಲಕ್ಕೆ ಬರುವ ಹಂದಿ ಓಡಿಸಲು ಕೊಟ್ಟ ಪರವಾನಗಿ, ಜೋಡಿ ನಳಿಗೆ, ಪಾಪಿನಾಯಕನಹಳ್ಳಿ, ಪರಶುರಾಮ್.

ಅವಳ ಗಂಡ.

ಚುನಾವಣೆ ಮುಗಿದ ಮೇಲೆ ಪರಶುರಾಮ್ ಉಳಿದವರ ಹಾಗೆಯೇ ಸಾಲಿನಲ್ಲಿ ನಿಂತು ಬಂದೂಕು ವಾಪಸ್ ತೆಗೆದುಕೊಂಡು ಹೋಗಿದ್ದ. ಹಿಂದಿರುಗಿಸಿದ ನಲವತ್ತೆರಡರಲ್ಲಿ ನಲವತ್ತೊಂದರ ನಂಬರನ್ನು ಸುಮಂಗಲಾ ಕನ್ನಡಕ ಹಾಕಿಕೊಂಡು ಎರಡೆರಡು ಸಲ ನೋಡಿ ಸಹಿ ಮಾಡಿಸಿಕೊಂಡಿದ್ದಳು. ಇವನ ಸರದಿಯಲ್ಲಿ, ಮನೆಗೆ ಹೋದ ಮೇಲೆ ಹಾಲಿಗೆ ಹೆಪ್ಪು ಹಾಕಿ ಎಂದು ಹೇಳಿ ಕಳಿಸಿದ್ದಳು. ಕಟ್ಟಿಕೊಂಡವನ ನಂಬರು ಯಾರು ನೋಡುತ್ತಾರೆ?

ಅವತ್ತಿನಿಂದ ಬಂದೂಕು ಅವರ ಮಲಗುವ ಕೋಣೆಯಲ್ಲಿ, ಖಾಕಿ ಬಟ್ಟೆಯ ಚೀಲದೊಳಗೆ, ಗೋಡೆಯ ಮೇಲಿತ್ತು. ವಾರಕ್ಕೊಮ್ಮೆ ಅವಳೇ ಚೀಲದ ಧೂಳು ಹೊಡೆಯುತ್ತಿದ್ದಳು. ದಿನವಿಡೀ ಠಾಣೆಯಲ್ಲಿ ಇವನ್ನೇ ನೋಡಿ ಸಾಕಾಗಿ ಬರುವವಳು, ಮನೆಯಲ್ಲಿ ಚೀಲದ ದಾರ ಬಿಚ್ಚಿ ನೋಡಿದವಳಲ್ಲ.

ಏಳು ಇಲ್ಲಿದ್ದರೆ, ಗೋಡೆಯ ಮೇಲಿನ ಚೀಲದೊಳಗೆ ಇರುವುದು ಯಾವುದು? ಕೊರಳ ಚೀಟಿ ಬದಲಿಸಿ ತಂದ ಮೂವತ್ತೊಂದೇ?

ಚೆನ್ನಬಸಮ್ಮ ಅವಳ ಮುಖ ನೋಡಿ, ಎಲೆ ಉಗುಳಿ ಬಂದು, ನೀರಿನ ಬಾಟಲಿ ಕೈಗಿಟ್ಟಳು. ಏನಾಯಿತು, ಯಾರದಂತೆ ಎಂದು ಮೆಲ್ಲಗೆ ಕೇಳಿದಳು. ಸುಮಂಗಲಾ ಬಂದೂಕನ್ನು ಚೆನ್ನಬಸಮ್ಮನ ಕೈಗೆ ಕೊಟ್ಟು, ತಾನು ಹೇಳುವವರೆಗೆ ಇದನ್ನು ಯಾರಿಗೂ ಕೊಡಬೇಡ, ನಿನ್ನ ಗಂಡನಿಗೂ ಕೊಡಬೇಡ ಎಂದಳು. ಬ್ಯಾಗಿನಿಂದ ಫೋನು ತೆಗೆದಳು. ಸುಣ್ಣ ಮೆತ್ತಿದ ಬೆರಳು ಪರದೆಯ ಮೇಲೆ ಎರಡು ಸಲ ಜಾರಿತು.

ಮೂರನೆಯ ರಿಂಗಿಗೆ ಪರಶುರಾಮ್ ಎತ್ತಿದ. ಹಿಂದಿನಿಂದ ಕುಕ್ಕರಿನ ಸೀಟಿ ಕೇಳಿಸುತ್ತಿತ್ತು. ಅವಳು ಇಲ್ಲದ ದಿನ ಅನ್ನ ಮಾಡುವವನು ಅವನೇ. ಬೆಳಿಗ್ಗೆ ಹೊರಡುವಾಗ ಅವಳು, ಸಂಡೂರಿನಲ್ಲಿ ತಂಗಿಯ ಮೊಮ್ಮಗನ ಹೆಸರಿಡುವ ಕಾರ್ಯ ಎಂದು ಹೇಳಿ ಬಂದಿದ್ದಳು. ವಿಚಾರಣೆಯ ಚಿಂತೆಯಲ್ಲಿ ಅವನು ಊಟ ಬಿಟ್ಟಾನು ಎಂದು.

ಅವಳು ಊಟದ ವಿಷಯವನ್ನೇ ಮೊದಲು ಕೇಳಿದಳು. ಇನ್ನೂ ಒಂದು ಸೀಟಿ ಬಾಕಿ ಎಂದ. ಕೂಸಿಗೆ ಏನು ಹೆಸರಿಟ್ಟರು ಎಂದು ಕೇಳಿದ. ಆಮೇಲೆ ಹೇಳುತ್ತೇನೆ ಎಂದಳು.

“ಒಂದು ಕೆಲಸ ಮಾಡ್ರಿ. ಗ್ವಾಡಿ ಮ್ಯಾಲಿಂದು ಬಂದೂಕಿನ ಚೀಲ ಇಳಿಸಿ, ನಂಬರ್ ಓದಿ ಹೇಳ್ರಿ.”

ಈ ಕಡೆ ಗಾದಿಲಿಂಗಪ್ಪ, ತನ್ನ ಮದುವೆ ಏಳನೇ ತಾರೀಕು, ಬೋರ್‌ವೆಲ್ಲಿಗೆ ನೀರು ಬಿದ್ದದ್ದು ಏಳನೇ ತಾರೀಕು, ಆದ್ದರಿಂದ ತನಗೆ ಈ ಬಂದೂಕೇ ಆಗಬೇಕು ಎಂದು ಸಾರಿ ಲೈಸೆನ್ಸ್ ಪುಸ್ತಕವನ್ನು ಕೌಂಟರಿನ ಮೇಲೆ ಇಟ್ಟ. ಲಿಂಗರಾಜ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಪೆನ್ನಿನ ಮುಚ್ಚಳ ತೆಗೆದ. ಬಂದೂಕನ್ನು ಅಪ್ಪಿಕೊಂಡು ನಿಂತ ಚೆನ್ನಬಸಮ್ಮ ಇಬ್ಬರನ್ನೂ ಗುರಾಯಿಸಿದಳು.

ಫೋನಿನಲ್ಲಿ ಕುಕ್ಕರು ಕೊನೆಯ ಸೀಟಿ ಹೊಡೆಯಿತು. ಯಾರೂ ಒಲೆ ಆರಿಸಲಿಲ್ಲ. ಮತ್ತೊಂದು ಸೀಟಿಯೂ ಆಯಿತು.

“ಸುಮಾ,” ಎಂದ ಪರಶುರಾಮ್, ದನಿ ಇಳಿಸಿ, “ನೀ ಲಿಂಗರಾಜನ ಅಂಗಡ್ಯಾಗ ಅದಿಯೇನು?”